ಹಿಡಿದುಕೊಂಡ ಹೆಗಲನ್ನು ಜಗ್ಗಬೇಡಿ

ನಲವತ್ತೈದು ದಾಟಿದ ನಾಲ್ಕು ಜನ ಹೆಂಗಸರು ಒಂದು ಕಡೆ ಕೂತರೆ ಹೆಗಲು ನೋವಿನ ಮಾತು ಬಂದೇ ಬರುತ್ತದೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಂತೂ ಮಂಡಿ ನೋವು ಬಿಟ್ಟರೆ ಇದರದ್ದೇ ಸುದ್ದಿ. ಒಬ್ಬರಿಗೆ ಜಡೆ ಹಾಕಿಕೊಳ್ಳೋಕೆ ಕೈ ಹಿಂದಕ್ಕೆ ಹೋಗಲ್ಲ. ಇನ್ನೊಬ್ಬರಿಗೆ ಬ್ರಾ ಹುಕ್ ಹಾಕೋಕೆ ಮಗಳೇ ಬರಬೇಕು. ಗಂಡಸರು ಇದನ್ನೇ ಬೇರೆ ಥರ ಹೇಳುತ್ತಾರೆ: ಪ್ಯಾಂಟಿನ ಹಿಂದಿನ ಜೇಬಿಂದ ಪರ್ಸ್ ತೆಗೆಯೋಕೆ ಆಗ್ತಿಲ್ಲ ಅಂತ. ಡಾಕ್ಟರು ಫ್ರೋಜನ್ ಶೋಲ್ಡರ್ ಅನ್ನುತ್ತಾರೆ, ನಾವು ಹೆಗಲು ಹಿಡ್ಕೊಂಡಿದೆ ಅನ್ನುತ್ತೇವೆ.

ಇದಕ್ಕೆ ಸಲಹೆ ಕೊಡುವವರಿಗೆ ಬರವಿಲ್ಲ. ಎಣ್ಣೆ ತಿಕ್ಕಿ, ಶಾಖ ಕೊಡಿ, ಬಟ್ಟೆ ಜೋರಾಗಿ ಒಗೀರಿ, ತಾನಾಗೇ ಬಿಡುತ್ತೆ. ಕಂಬಿ ಹಿಡಿದು ಜೋತು ಬೀಳಿ ಅಂದವರೂ ಇದ್ದಾರೆ. ಆದರೆ ಈ ಕಾಯಿಲೆಗೆ ಹಂತಗಳಿವೆ, ಒಂದು ಹಂತದಲ್ಲಿ ಒಳ್ಳೆಯದು ಮಾಡುವ ಕೆಲಸವೇ ಇನ್ನೊಂದು ಹಂತದಲ್ಲಿ ಕೆಡಿಸುತ್ತದೆ ಅನ್ನೋದನ್ನು ಹೇಳುವವರು ಕಡಿಮೆ. ನನಗೆ ಅದು ಮೊದಲೇ ಗೊತ್ತಾಗಿದ್ದರೆ ಎಷ್ಟೋ ರಾತ್ರಿ ನಿದ್ದೆ ಉಳಿಯುತ್ತಿತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹಿಡಿದುಕೊಂಡಿದ್ದು ಬಲಗೈ. ಬೋರ್ಡಿನ ಮೇಲೆ ವೃತ್ತ ಎಳೆಯೋದು ಅಂದರೆ ಎಷ್ಟು ದೊಡ್ಡ ಕೆಲಸ ಅಂತ ನನಗೆ ಆಗಲೇ ಗೊತ್ತಾಗಿದ್ದು. ಮರದ ಕೈವಾರದ ಒಂದು ಕಾಲನ್ನು ಬೋರ್ಡಿಗೆ ಒತ್ತಿ ಹಿಡಿದು, ಸೀಮೆಸುಣ್ಣದ ಕಾಲನ್ನು ಸುತ್ತ ತಿರುಗಿಸಬೇಕು. ಕೈ ಕೆಳಗಿಂದ ಎಡಕ್ಕೆ, ಎಡದಿಂದ ಮೇಲಕ್ಕೆ ಸಲೀಸಾಗಿ ಬರುತ್ತಿತ್ತು. ಮೇಲಿನಿಂದ ಬಲಕ್ಕೆ ಹೊರಳಿಸುವ ಜಾಗದಲ್ಲಿ ಹೆಗಲ ಮುಂಭಾಗದಲ್ಲಿ ಚಳಕ್ ಅಂತ ಹಿಡಿದು, ಸೀಮೆಸುಣ್ಣ ಅಲ್ಲೇ ನಿಲ್ಲುತ್ತಿತ್ತು. ಅರ್ಧ ವೃತ್ತ ಆಗಿರುತ್ತಿತ್ತು, ಉಳಿದ ಅರ್ಧಕ್ಕೆ ಕೈ ಬದಲಾಯಿಸಬೇಕು. ಬರಬರುತ್ತಾ ಬೋರ್ಡಿನ ಮೇಲಿನ ಅರ್ಧ ಖಾಲಿ ಉಳಿಯತೊಡಗಿತು. ಮುಂದಿನ ಬೆಂಚಿನ ಹುಡುಗಿ ಒಬ್ಬಳು ಯಾರೂ ಹೇಳದೆ ದಿನಾ ಎದ್ದು ಬಂದು ಮೇಲೆ ತಾರೀಕು, ಪಾಠದ ಹೆಸರು ಬರೆದು ಹೋಗುತ್ತಿದ್ದಳು.

ಕೈ ಮೇಲಿಂದ ಬಲಕ್ಕೆ ಹೊರಳುವಾಗಲೇ ಯಾಕೆ ನಿಂತಿತು ಅನ್ನೋದಕ್ಕೆ ಕಾರಣ ಇದೆ. ಮೂಳೆ ಡಾಕ್ಟರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಎರಡೂ ಮೊಣಕೈ ಪಕ್ಕೆಗೆ ಅಂಟಿಸಿಕೊಂಡು, ಮುಂಗೈ ಮುಂದಕ್ಕೆ ಚಾಚಿ, ಬಾಗಿಲು ತೆರೆಯುವ ಹಾಗೆ ಎರಡೂ ಕೈ ಹೊರಗೆ ಬಿಡಿ ಅಂದರು. ಎಡಗೈ ಆರಾಮವಾಗಿ ಹೋಯಿತು. ಬಲಗೈ ಹೊರಟ ಜಾಗದಲ್ಲೇ ನಿಂತಿತು. ಆಮೇಲೆ ಅವರೇ ಮಣಿಕಟ್ಟು ಹಿಡಿದು ಮೆಲ್ಲಗೆ ಹೊರಕ್ಕೆ ತಳ್ಳಿ ನೋಡಿದರು. ಆಗಲೂ ಬರಲಿಲ್ಲ. "ನೀವು ಎತ್ತಿದ್ರೂ ಬರಲ್ಲ, ನಾನು ಎತ್ತಿದ್ರೂ ಬರಲ್ಲ. ಇದೇ ಗುರುತು ಮೇಡಂ" ಅಂದರು.

ಈ ಪರೀಕ್ಷೆ ಚಿಕ್ಕದು, ಆದರೆ ತುಂಬಾ ಕೆಲಸಕ್ಕೆ ಬರುವಂಥದ್ದು. ಹೆಗಲಿನ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಹರಿದಿದ್ದರೆ ನಾವಾಗಿ ಕೈ ಎತ್ತೋಕೆ ಆಗಲ್ಲ, ಆದರೆ ಬೇರೆಯವರು ಹಿಡಿದು ಎತ್ತಿದರೆ ಸಾಮಾನ್ಯವಾಗಿ ಬರುತ್ತದೆ. ಫ್ರೋಜನ್ ಶೋಲ್ಡರಿನಲ್ಲಿ ಎರಡೂ ಆಗಲ್ಲ. ಎಕ್ಸ್‌ರೇ ಮಾತ್ರ ಹೆಚ್ಚಾಗಿ ನಾರ್ಮಲ್ ಅಂತಲೇ ಬರುತ್ತದೆ. ಅದನ್ನು ನೋಡಿ ಮನೆಯವರು "ಏನೂ ಇಲ್ವಲ್ಲ" ಅಂದುಬಿಡುತ್ತಾರೆ. ಎಕ್ಸ್‌ರೇ ತೆಗೆಸುವುದು ಸಂಧಿವಾತ, ಮೂಳೆ ಮುರಿತ, ಕೀಲು ಜಾರಿರೋದು, ಗಡ್ಡೆ ಇಂಥವು ಇಲ್ಲ ಅಂತ ಖಚಿತ ಮಾಡಿಕೊಳ್ಳೋಕೆ. ಹಿಡಿದುಕೊಂಡಿರುವ ಭಾಗ ಮೂಳೆಯಲ್ಲ, ಆದ್ದರಿಂದ ಅದರಲ್ಲಿ ಕಾಣಿಸಲ್ಲ.

ಹಿಡಿದುಕೊಂಡಿರುವುದು ಕೀಲಿನ ಚೀಲ. ತೋಳಿನ ಮೂಳೆಯ ಗುಂಡು ತಲೆ ಹೆಗಲ ಮೂಳೆಯ ಆಳವಿಲ್ಲದ ಕುಳಿಯಲ್ಲಿ ಕೂತಿರುತ್ತದೆ. ಅದರ ಸುತ್ತ ಒಂದು ತೆಳು ಚೀಲ. ಟೈಲರ್‌ಗಳು ರವಿಕೆಯ ಕಂಕುಳ ಹತ್ತಿರ ಸ್ವಲ್ಪ ಬಟ್ಟೆ ಸಡಿಲ ಬಿಟ್ಟು ಹೊಲಿಯುತ್ತಾರಲ್ಲ, ಹಾಗೆ ಈ ಚೀಲಕ್ಕೂ ಕಂಕುಳ ಕಡೆ ಒಂದು ಸಡಿಲ ಮಡಿಕೆ ಇದೆ. ಕೈ ಮೇಲೆತ್ತಿದಾಗ ಅದು ಬಿಚ್ಚಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಚೀಲಕ್ಕೆ ಮೊದಲು ಉರಿಯೂತ ಬರುತ್ತದೆ. ಆಮೇಲೆ ಅದು ದಪ್ಪಗಾಗಿ, ನಾರು ಕಟ್ಟಿ, ಕುಗ್ಗುತ್ತದೆ. ಚೆನ್ನಾಗಿರುವ ಹೆಗಲಿನ ಚೀಲ 15ರಿಂದ 30 ಮಿಲಿಲೀಟರ್ ದ್ರವ ಹಿಡಿಯುತ್ತದೆ. ಹಿಡಿದುಕೊಂಡ ಹೆಗಲಿನಲ್ಲಿ ಎಷ್ಟೋ ಸಲ 10 ಮಿಲಿಲೀಟರ್ ಕೂಡ ಹೋಗಲ್ಲ. ಚೀಲದ ಮುಂಭಾಗ ಮತ್ತು ಅಲ್ಲಿ ಮೂಳೆಗೆ ಮೂಳೆ ಜೋಡಿಸುವ ಒಂದು ಕಟ್ಟು ಎಲ್ಲಕ್ಕಿಂತ ಜಾಸ್ತಿ ಬಿಗಿಯುತ್ತವೆ. ಅದಕ್ಕೇ ಕೈಯನ್ನು ಹೊರಕ್ಕೆ ತಿರುಗಿಸುವುದು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚು ಕೈಕೊಡುತ್ತದೆ. ನನ್ನ ವೃತ್ತ ನಿಂತಿದ್ದು ಅಲ್ಲೇ.

ನಮ್ಮ ಕಡೆ ಇದನ್ನು ಶೀತಕ್ಕೆ, ವಾಯುವಿಗೆ ಹಚ್ಚುತ್ತಾರೆ. ಮಲೆನಾಡಿನ ಮಳೆಗಾಲ, ಫ್ಯಾನಿನ ಗಾಳಿ, ತಣ್ಣೀರಿನ ಸ್ನಾನ ಎಲ್ಲದರ ಮೇಲೂ ದೂರು ಬೀಳುತ್ತದೆ. ಚಳಿಯಲ್ಲಿ ನೋವು ಜಾಸ್ತಿ ಅನಿಸಬಹುದು, ಆದರೆ ಚೀಲ ಕುಗ್ಗೋದು ಚಳಿಯಿಂದ ಅಲ್ಲ. ಎಷ್ಟೋ ಜನರಲ್ಲಿ ಇಂಥದ್ದೇ ಕಾರಣ ಅಂತ ಏನೂ ಸಿಗಲ್ಲ. 40ರಿಂದ 60 ವಯಸ್ಸಿನ ನಡುವೆ ಬರುತ್ತದೆ, ಹೆಂಗಸರಲ್ಲಿ ಜಾಸ್ತಿ. ಥೈರಾಯ್ಡ್ ತೊಂದರೆ ಇರುವವರಿಗೆ, ಕೈ ಮುರಿದು ಬಹಳ ದಿನ ಜೋಲಿಯಲ್ಲಿ ಇಟ್ಟುಕೊಂಡವರಿಗೆ, ಸ್ತನದ ಆಪರೇಷನ್ ಆದವರಿಗೆ, ಪಾರ್ಶ್ವವಾಯು ಹೊಡೆದವರಿಗೆ ಬರುವ ಸಾಧ್ಯತೆ ಹೆಚ್ಚು.

ಎಲ್ಲಕ್ಕಿಂತ ದೊಡ್ಡ ನಂಟು ಸಕ್ಕರೆ ಕಾಯಿಲೆಯದು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬರುವ ಈ ಕಾಯಿಲೆ, ಶುಗರ್ ಇರುವವರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಬರುತ್ತದೆ. ರಕ್ತದಲ್ಲಿ ಸಕ್ಕರೆ ಬಹಳ ಕಾಲ ಜಾಸ್ತಿ ಇದ್ದರೆ ಅದು ಕೊಲಾಜನ್ ಅನ್ನುವ ನಾರಿಗೆ ಅಂಟಿಕೊಂಡು ಅದನ್ನು ಗಡಸು ಮಾಡುತ್ತದೆ. ಕೀಲಿನ ಚೀಲ ಆಗಿರುವುದೇ ಆ ನಾರಿನಿಂದ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಎಷ್ಟೋ ಜನಕ್ಕೆ ಇದೆ ಅಂತಲೇ ಗೊತ್ತಿಲ್ಲ. ಹಾಗಾಗಿ ಏಟು ಬೀಳದೆ, ಭಾರ ಎತ್ತದೆ, ಸುಮ್ನೆ ಹೆಗಲು ಹಿಡಿದುಕೊಂಡರೆ ಮೊದಲು ಮಾಡಿಸಬೇಕಾದ್ದು ರಕ್ತ ಪರೀಕ್ಷೆ. ನನಗೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಗಡಿಯಲ್ಲಿದ್ದೀರಿ ಅಂತ ಅರ್ಥ. ಹೆಗಲು ನೋವು ಬರದಿದ್ದರೆ ನಾನು ಆ ಪರೀಕ್ಷೆಗೆ ಹೋಗುತ್ತಲೇ ಇರಲಿಲ್ಲ.

ಈಗ ಹಂತಗಳ ವಿಷಯಕ್ಕೆ ಬರುತ್ತೇನೆ. ಮೊದಲನೆಯದು ನೋವಿನ ಕಾಲ. ಕೆಲವು ತಿಂಗಳು ಇರುತ್ತದೆ, ಒಂಬತ್ತು ತಿಂಗಳವರೆಗೂ ಎಳೆಯಬಹುದು. ನೋವು ದಿನದಿನಕ್ಕೆ ಏರುತ್ತದೆ, ಕೈ ದಿನದಿನಕ್ಕೆ ಬಿಗಿಯುತ್ತದೆ. ಎರಡನೆಯದು ಬಿಗಿತದ ಕಾಲ. ನೋವು ಇಳಿಯುತ್ತದೆ, ಆದರೆ ಕೈ ಅಲ್ಲಾಡಲ್ಲ. ಮೂರನೆಯದು ಬಿಡುವ ಕಾಲ. ನಿಧಾನಕ್ಕೆ ಚಲನೆ ವಾಪಸ್ ಬರುತ್ತದೆ. 1975ರಲ್ಲಿ ಇಂಗ್ಲೆಂಡಿನ ರೀವ್ಸ್ ಅನ್ನುವ ವೈದ್ಯರು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿ, ಮೂರೂ ಹಂತ ಮುಗಿಯೋಕೆ ಸರಾಸರಿ ಎರಡೂವರೆ ವರ್ಷ ಬೇಕು ಅಂತ ಬರೆದರು. ಈ ಲೆಕ್ಕ ಕೇಳಿ ನನಗೆ ಎದೆ ಧಸಕ್ ಅಂದಿತ್ತು. ಆದರೆ ಗೊತ್ತಿದ್ದರೆ ಒಳ್ಳೆಯದು. ವಾರಕ್ಕೊಬ್ಬ ಡಾಕ್ಟರನ್ನು ಬದಲಾಯಿಸುವ ಓಡಾಟ ತಪ್ಪುತ್ತದೆ.

ನೋವಿನ ಕಾಲದ ರಾತ್ರಿಗಳ ಬಗ್ಗೆ ಹೇಳಲೇಬೇಕು. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗೋಕೆ ಆಗಲ್ಲ. ಇನ್ನೊಂದು ಮಗ್ಗುಲಿಗೆ ತಿರುಗಿದರೆ ನೋಯುವ ಕೈ ಮುಂದಕ್ಕೆ ಜಾರಿ ಎಳೆಯುತ್ತದೆ. ಅಂಗಾತ ಮಲಗಿದರೆ ಮೊಣಕೈ ಹಾಸಿಗೆಗೆ ಇಳಿದು ಹೆಗಲ ಮುಂಭಾಗ ಜಗ್ಗುತ್ತದೆ. ನನಗೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಉಪಾಯ ಇದು: ಅಂಗಾತ ಮಲಗಿ, ಮೊಣಕೈ ಮತ್ತು ಮೇಲ್ತೋಳಿನ ಕೆಳಗೆ ಒಂದು ತೆಳು ದಿಂಬು ಅಥವಾ ಮಡಿಸಿದ ಹಳೇ ಸೀರೆ ಇಟ್ಟು, ಮೊಣಕೈ ಎದೆಯ ಮಟ್ಟಕ್ಕೆ ಬರುವ ಹಾಗೆ ಮಾಡಿಕೊಳ್ಳಬೇಕು. ಮುಂಗೈ ಹೊಟ್ಟೆಯ ಮೇಲಿರಲಿ. ಒಳ್ಳೆಯ ಮಗ್ಗುಲಿಗೆ ಮಲಗುವುದಾದರೆ ಎದೆಯ ಮುಂದೆ ದಪ್ಪ ದಿಂಬು ಇಟ್ಟುಕೊಂಡು ನೋಯುವ ಕೈಯನ್ನು ಅದರ ಮೇಲೆ ಹಾಕಬೇಕು. ಔಷಧಿ ಚೀಟಿಯಲ್ಲಿ ಇದು ಇರಲಿಲ್ಲ. ನನಗೆ ಎಲ್ಲಕ್ಕಿಂತ ಮೊದಲು ನಿದ್ದೆ ಕೊಟ್ಟಿದ್ದು ಇದೇ.

ನೋವಿನ ಕಾಲದಲ್ಲಿ ಮಾಡಬಾರದ ಕೆಲಸ ಅಂದರೆ ಜಗ್ಗಾಟ. ನಾನು ಮೊದಲು ಹೋದ ಒಂದು ಕಡೆ ನನ್ನನ್ನು ಅಂಗಾತ ಮಲಗಿಸಿ, ಹೆಗಲನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತೋಳನ್ನು ಬಲವಾಗಿ ಮೇಲಕ್ಕೆ ಎತ್ತಿದರು. ಕಣ್ಣಲ್ಲಿ ನೀರು ಬಂತು. "ತಡ್ಕೊಳ್ಳಿ ಮೇಡಂ, ಅಂಟು ಬಿಡಬೇಕು ಅಂದ್ರೆ ನೋವಾಗ್ಲೇಬೇಕು" ಅಂದರು. ಅವತ್ತು ರಾತ್ರಿಯಿಂದ ನೋವು ಮೊಣಕೈವರೆಗೆ ಇಳಿಯಿತು. ಊರಲ್ಲಿ ನಮ್ಮ ದೊಡ್ಡಮ್ಮನ ಕೈಯನ್ನೂ ಹೀಗೇ ಎಣ್ಣೆ ಹಚ್ಚಿ ಎಳೆದಿದ್ದರಂತೆ. ಅವರು ಆಮೇಲೆ ಯಾರಿಗೂ ಕೈ ಮುಟ್ಟೋಕೆ ಬಿಡಲಿಲ್ಲ.

ನೋವು ತಡೆದುಕೊಂಡಷ್ಟೂ ಬೇಗ ಗುಣ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಹೆಂಗಸರ ವಿಷಯದಲ್ಲಂತೂ ಇನ್ನೂ ಗಟ್ಟಿ. ಆದರೆ ಇದನ್ನು ಅಳೆದು ನೋಡಿದವರಿದ್ದಾರೆ. 2004ರಲ್ಲಿ ನೆದರ್‌ಲೆಂಡ್ಸ್‌ನ ಡೀರ್ಕ್ಸ್ ಮತ್ತು ಸ್ಟೀವನ್ಸ್ ಎನ್ನುವವರು 77 ರೋಗಿಗಳ ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿಗೆ ನೋವಿನ ಮಿತಿ ಮೀರಿ ಎಳೆಯುವ ಜೋರು ಫಿಸಿಯೋಥೆರಪಿ. ಇನ್ನೊಂದು ಗುಂಪಿಗೆ ಕಾಯಿಲೆ ಏನು ಅಂತ ವಿವರಿಸಿ, ನೋವು ಬಾರದಷ್ಟೇ ವ್ಯಾಯಾಮ, ಆಗುವಷ್ಟು ದಿನದ ಕೆಲಸ. ಎರಡು ವರ್ಷದ ಹೊತ್ತಿಗೆ ಹೆಗಲು ಹೆಚ್ಚುಕಡಿಮೆ ಸರಿಹೋದವರು ಜೋರು ಗುಂಪಿನಲ್ಲಿ ನೂರಕ್ಕೆ 63, ಮೆಲ್ಲಗಿನ ಗುಂಪಿನಲ್ಲಿ ನೂರಕ್ಕೆ 89. ಇದು ದೊಡ್ಡ ಅಧ್ಯಯನ ಏನಲ್ಲ. ಆದರೆ "ತಡ್ಕೊಳ್ಳಿ" ಅನ್ನುವವರ ಮುಂದೆ ಇಡೋಕೆ ಇಷ್ಟು ಸಾಕು.

ಹಾಗಂತ ಕೈಯನ್ನು ಜೋಲಿಯಲ್ಲಿ ಕಟ್ಟಿ ಕೂತುಬಿಡಬೇಕು ಅಂತಲ್ಲ. ಅದು ಇನ್ನೂ ಬಿಗಿಸುತ್ತದೆ. ನೋವಿನ ಕಾಲಕ್ಕೆ ಹೇಳಿ ಮಾಡಿಸಿದ್ದು ಲೋಲಕದ ವ್ಯಾಯಾಮ. ಇದಕ್ಕೆ ಕಾಡ್ಮನ್ ವ್ಯಾಯಾಮ ಅಂತಲೂ ಹೆಸರಿದೆ. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ 1934ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ಬರೆದು, ಇದನ್ನು ಗುರುತಿಸಿ ಹೇಳುವುದೂ ಕಷ್ಟ, ಗುಣಪಡಿಸುವುದೂ ಕಷ್ಟ ಅಂದಿದ್ದರು. ಡೈನಿಂಗ್ ಟೇಬಲ್ಲಿನ ಅಂಚಿಗೆ ಒಳ್ಳೆಯ ಕೈ ಊರಿ, ಸೊಂಟದಿಂದ ಮುಂದಕ್ಕೆ ಬಾಗಬೇಕು. ನೋಯುವ ಕೈಯನ್ನು ಸುಮ್ನೆ ಇಳಿಬಿಡಬೇಕು. ಆಮೇಲೆ ಮೈಯನ್ನು ಸ್ವಲ್ಪ ಹಿಂದೆ ಮುಂದೆ ತೂಗಿದರೆ ಕೈ ತಾನಾಗೇ ಆಡುತ್ತದೆ. ಹೆಗಲಿನ ಸ್ನಾಯು ಕೆಲಸ ಮಾಡಬಾರದು. ಕೈಯ ಭಾರವೇ ಕೀಲನ್ನು ಒಂದಿಷ್ಟು ಬಿಡಿಸುತ್ತದೆ. ಹತ್ತು ಹದಿನೈದು ಸಲ ಸಾಕು. ದಿನಕ್ಕೆ ಒಂದೇ ಸಲ ಅರ್ಧ ಗಂಟೆ ಮಾಡೋದಕ್ಕಿಂತ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎರಡೆರಡು ನಿಮಿಷ ಮಾಡೋದು ಮೇಲು. ಮೊದಲು ಬಿಸಿನೀರಿನ ಬ್ಯಾಗು ಇಟ್ಟುಕೊಂಡರೆ ಇನ್ನೂ ಸುಲಭ. ವ್ಯಾಯಾಮ ಆದಮೇಲೆ ನೋವು ಗಂಟೆಗಟ್ಟಲೆ ಉಳಿದರೆ, ಅವತ್ತು ರಾತ್ರಿ ನಿದ್ದೆ ಕೆಟ್ಟರೆ, ಮಾಡಿದ್ದು ಜಾಸ್ತಿಯಾಯಿತು ಅಂತ ತಿಳಿಯಬೇಕು.

ಇಂಜೆಕ್ಷನ್ ಬಗ್ಗೆ ಜನರಿಗೆ ಭಯ ಜಾಸ್ತಿ. ಸ್ಟೀರಾಯ್ಡ್ ಅಂದ ಕೂಡಲೇ ಮುಖ ಊದುತ್ತೆ, ಮೂಳೆ ಸವೆಯುತ್ತೆ ಅನ್ನುತ್ತಾರೆ. ದಿನಾ ಮಾತ್ರೆ ನುಂಗುವುದಕ್ಕೂ ಕೀಲಿನೊಳಗೆ ಒಂದು ಸಲ ಹಾಕಿಸಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸ ಇದೆ. ನೋವಿನ ಕಾಲದಲ್ಲಿ, ಬೇಗ ಹಾಕಿಸಿಕೊಂಡರೆ, ಮೊದಲ ಕೆಲವು ವಾರಗಳ ನೋವು ಇಳಿಸುವುದರಲ್ಲಿ ಇದಕ್ಕೆ ಒಳ್ಳೆಯ ಆಧಾರ ಇದೆ. ಆ ವಾರಗಳಲ್ಲೇ ವ್ಯಾಯಾಮ ಮುಂದುವರಿಸಿಕೊಳ್ಳಬಹುದು. ಕೈ ಪೂರ್ತಿ ಬಿಗಿದು ನೋವು ಇಳಿದ ಮೇಲೆ ಹಾಕಿಸಿದರೆ ಅಷ್ಟು ಲಾಭ ಇಲ್ಲ. ನಾನು ಹಾಕಿಸಿಕೊಂಡೆ. ಸೂಜಿ ಚುಚ್ಚಿದ್ದಕ್ಕಿಂತ ಒಳಗೆ ಔಷಧಿ ಹೋಗುವಾಗ ಆದ ಒತ್ತಡ ಜಾಸ್ತಿ ಅನಿಸಿತು. ಒಂದು ವಾರದೊಳಗೆ ರಾತ್ರಿಯ ನೋವು ಅರ್ಧಕ್ಕಿಳಿಯಿತು. ಶುಗರ್ ಇರುವವರು ಒಂದು ವಿಷಯ ಮರೆಯಬಾರದು. ಇಂಜೆಕ್ಷನ್ ಆದಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಡಾಕ್ಟರಿಗೆ ಮೊದಲೇ ಹೇಳಿ, ಮನೆಯಲ್ಲಿ ದಿನಾ ನೋಡಿಕೊಳ್ಳಬೇಕು. ನೋವಿನ ಮಾತ್ರೆಗಳ ವಿಷಯದಲ್ಲೂ ಅಷ್ಟೇ. ಡೈಕ್ಲೋಫೆನಾಕ್ ಥರದವನ್ನು ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ, ಬಿಪಿ ಮೂರಕ್ಕೂ ಕೆಟ್ಟದ್ದು.

ಬಿಗಿತದ ಕಾಲಕ್ಕೆ ಬಂದಾಗ ಕೆಲಸದ ರೀತಿ ಬದಲಾಗಬೇಕು. ಈಗ ಹಿಗ್ಗಿಸಬಹುದು. ಗೋಡೆಯ ಮೇಲೆ ಬೆರಳಿನಿಂದ ಹತ್ತಿಸುವುದು ಎಲ್ಲರಿಗೂ ಗೊತ್ತು. ನಾನು ಹೆಚ್ಚು ನೆಚ್ಚಿಕೊಂಡಿದ್ದು ಮಕ್ಕಳ ಅಡಿಕೋಲನ್ನು. ಅಂಗಾತ ಮಲಗಿ, ಮೊಣಕೈ ಪಕ್ಕೆಗೆ ಅಂಟಿಸಿ, ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಹೊರಕ್ಕೆ ತಳ್ಳುವುದು. ಎಳೆತ ಗೊತ್ತಾಗಬೇಕು, ಚುಚ್ಚಬಾರದು. ಅಲ್ಲೇ ಇಪ್ಪತ್ತು ಎಣಿಸಿ ಬಿಡಬೇಕು. ಎಲ್ಲಕ್ಕಿಂತ ಮೊದಲು ಕೈಕೊಟ್ಟ ಚಲನೆಗೇ ಗಮನ ಕೊಡಬೇಕಲ್ವಾ? ಹಿಂದಕ್ಕೆ ಕೈ ಹೋಗೋಕೆ ಟವೆಲ್ ಸಾಕು. ಒಳ್ಳೆಯ ಕೈ ಹೆಗಲ ಮೇಲಿಂದ, ನೋಯುವ ಕೈ ಸೊಂಟದ ಹಿಂದೆ, ಬೆನ್ನ ಮೇಲೆ ಟವೆಲ್ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯುವುದು. ಇದು ಎಲ್ಲಕ್ಕಿಂತ ಕೊನೆಯಲ್ಲಿ ಬರುವ ಚಲನೆ, ಅವಸರ ಬೇಡ. ಫಿಸಿಯೋ ಕ್ಲಿನಿಕ್ಕಿನಲ್ಲಿ ಹಚ್ಚುವ ಕರೆಂಟು, ಅಲ್ಟ್ರಾಸೌಂಡ್ ಯಂತ್ರಗಳಿಂದ ಬೆಚ್ಚಗೆ ಹಿತ ಅನಿಸಬಹುದು. ಅವುಗಳ ಬಲ ಮಾತ್ರ ನಂಬಿಕೊಂಡು ದುಡ್ಡು ಸುರಿಯಬೇಡಿ. ವ್ಯಾಯಾಮ ಸರಿಯಾಗಿ ಹೇಳಿಕೊಟ್ಟು, ತಪ್ಪು ತಿದ್ದುವ ಫಿಸಿಯೋಥೆರಪಿಸ್ಟ್ ಸಿಕ್ಕರೆ ಅದೇ ದೊಡ್ಡದು.

ಇಷ್ಟೆಲ್ಲ ಮಾಡಿಯೂ ತಿಂಗಳುಗಟ್ಟಲೆ ಕೈ ಬಿಡದಿದ್ದರೆ ಮುಂದಿನ ದಾರಿಗಳಿವೆ. ಚೀಲದೊಳಗೆ ಸಲೈನ್ ಮತ್ತು ಔಷಧಿ ತುಂಬಿ ಹಿಗ್ಗಿಸುತ್ತಾರೆ. ಅರಿವಳಿಕೆ ಕೊಟ್ಟು ಕೈಯನ್ನು ಎತ್ತಿ ತಿರುಗಿಸಿ ಬಿಡಿಸುತ್ತಾರೆ. ಇದರಲ್ಲಿ ಮೂಳೆ ಮುರಿಯುವ ಸಣ್ಣ ಅಪಾಯ ಇದೆ, ಆದ್ದರಿಂದ ಮೂಳೆ ಸವೆದವರಿಗೆ ಎಚ್ಚರಿಕೆ ಬೇಕು. ಇಲ್ಲವೇ ಸಣ್ಣ ತೂತಿನಲ್ಲಿ ಕ್ಯಾಮೆರಾ ಇಳಿಸಿ ಬಿಗಿದ ಚೀಲವನ್ನು ಕತ್ತರಿಸುತ್ತಾರೆ. ಆಪರೇಷನ್ ಒಂದೇ ದಾರಿ ಅಂತ ಮೊದಲ ಭೇಟಿಯಲ್ಲೇ ಹೇಳಿದರೆ ಇನ್ನೊಬ್ಬರನ್ನು ಕೇಳಿ. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 503 ರೋಗಿಗಳನ್ನು ಮೂರು ಗುಂಪು ಮಾಡಿದ್ದರು: ಇಂಜೆಕ್ಷನ್ ಜೊತೆ ಫಿಸಿಯೋಥೆರಪಿ, ಅರಿವಳಿಕೆಯಲ್ಲಿ ಬಿಡಿಸುವುದು, ಕ್ಯಾಮೆರಾ ಆಪರೇಷನ್. ಒಂದು ವರ್ಷದ ನಂತರ ಮೂರೂ ಗುಂಪಿನವರು ಸುಧಾರಿಸಿದ್ದರು. ಯಾವುದೊಂದೂ ಉಳಿದೆರಡಕ್ಕಿಂತ ಎದ್ದು ಕಾಣುವಷ್ಟು ಮೇಲಾಗಿರಲಿಲ್ಲ.

ತಾನಾಗೇ ಪೂರ್ತಿ ಹೋಗುತ್ತದೆ ಅನ್ನುವ ಭರವಸೆಯನ್ನೂ ನಾನು ಕೊಡಲಾರೆ. 2008ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ವೈದ್ಯರ ಅಧ್ಯಯನದಲ್ಲಿ, ಕಾಯಿಲೆ ಶುರುವಾಗಿ ಸರಾಸರಿ ನಾಲ್ಕು ವರ್ಷ ದಾಟಿದ ಮೇಲೆ ನೂರಕ್ಕೆ 59 ಮಂದಿಯ ಹೆಗಲು ಸರಿಯಾಗಿತ್ತು ಅಥವಾ ಸರಿಯ ಹತ್ತಿರ ಬಂದಿತ್ತು. 35 ಮಂದಿಗೆ ಸಣ್ಣಪುಟ್ಟ ತೊಂದರೆ ಉಳಿದಿತ್ತು. 6 ಮಂದಿಗೆ ಮಾತ್ರ ಜೋರಾದ ತೊಂದರೆ. ನಾನು ಆ 35ರ ಸಾಲಿನವಳು ಅಂತ ಕಾಣುತ್ತದೆ. ಬಲಗೈ ಬೆನ್ನ ಮೇಲೆ ಎಡಗೈಯಷ್ಟು ಮೇಲಕ್ಕೆ ಇನ್ನೂ ಹೋಗಲ್ಲ. ಬೋರ್ಡಿನ ಮೇಲೆ ವೃತ್ತ ಪೂರ್ತಿ ಬರುತ್ತದೆ, ಜಡೆ ಹಾಕಿಕೊಳ್ಳುತ್ತೇನೆ, ಬಸ್ಸಿನ ಮೇಲಿನ ಕಂಬಿ ಹಿಡಿಯುತ್ತೇನೆ. ಅಷ್ಟಕ್ಕೆ ನನಗೆ ತೃಪ್ತಿ ಇದೆ.

ಮನೆಯವರಿಗೆ ಒಂದು ಮಾತು. ಈ ಕಾಯಿಲೆ ಹೊರಗೆ ಕಾಣಲ್ಲ. ಬಾವು ಇಲ್ಲ, ಬ್ಯಾಂಡೇಜ್ ಇಲ್ಲ. ಹಾಗಾಗಿ ಅಡುಗೆಮನೆಯ ಕೆಲಸ ಯಾವುದೂ ಕಮ್ಮಿಯಾಗಲ್ಲ. ದಿನಾ ಬಳಸುವ ಡಬ್ಬಗಳನ್ನು ಮೇಲಿನ ಶೆಲ್ಫಿನಿಂದ ಸೊಂಟದ ಮಟ್ಟಕ್ಕೆ ಇಳಿಸಿ ಕೊಡಿ. ಒಗೆದ ಬಟ್ಟೆ ಒಣಹಾಕುವ ತಂತಿಯನ್ನು ಕೆಳಗೆ ಕಟ್ಟಿ, ಇಲ್ಲವೇ ಸ್ಟ್ಯಾಂಡ್ ತನ್ನಿ. ನಮ್ಮ ಮನೆಯಲ್ಲಿ ಯಜಮಾನರು ಒಂದು ಭಾನುವಾರ ಕೂತು ಇಡೀ ಅಡುಗೆಮನೆ ಹೊಸದಾಗಿ ಜೋಡಿಸಿದರು. ಅವತ್ತು ನನಗೆ ಬಂದ ನಿರಾಳ ಯಾವ ಮಾತ್ರೆಯಿಂದಲೂ ಬಂದಿರಲಿಲ್ಲ.

ಎಡ ಹೆಗಲು ಇದ್ದಕ್ಕಿದ್ದಂತೆ ನೋಯುತ್ತಾ ಎದೆ ಬಿಗಿದರೆ, ಬೆವರು ಬಂದರೆ, ಉಸಿರು ಕಟ್ಟಿದರೆ ಅದು ಈ ಕಾಯಿಲೆಯಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹೆಗಲು ಕೆಂಪಾಗಿ ಊದಿ ಜ್ವರ ಬಂದರೂ, ಬಿದ್ದಮೇಲೆ ಕೈ ಎತ್ತೋಕೆ ಆಗದಿದ್ದರೂ ಕಾಯುತ್ತಾ ಕೂರಬಾರದು.

ಒಂದು ಸಲ ಹಿಡಿದುಕೊಂಡು ಬಿಟ್ಟ ಹೆಗಲು ಮತ್ತೆ ಹಿಡಿದುಕೊಳ್ಳುವುದು ಅಪರೂಪ. ಇನ್ನೊಂದು ಹೆಗಲಿಗೆ ಬರುವುದು ಮಾತ್ರ ಅಷ್ಟು ಅಪರೂಪವಲ್ಲ. ಹಾಗಾಗಿ ನಾನು ಎಡಗೈಯನ್ನು ಆಗಾಗ ಆ ಬಾಗಿಲು ತೆರೆಯುವ ಪರೀಕ್ಷೆಯಲ್ಲಿ ನೋಡಿಕೊಳ್ಳುತ್ತೇನೆ. ಸದ್ಯಕ್ಕೆ ಏನೂ ಇಲ್ಲ. ನಮ್ಮ ಅತ್ತಿಗೆಗೆ ಹೋದ ತಿಂಗಳಿಂದ ರಾತ್ರಿ ಹೆಗಲು ನೋವು ಶುರುವಾಗಿದೆ. ಶುಗರ್ ಬಂದು ವರ್ಷಗಳಾಗಿವೆ. ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಮೊಣಕೈ ಪಕ್ಕೆಗೆ ಒತ್ತಿಸಿ ನೋಡಿದೆ, ಕೈ ಹೊರಗೆ ಅರ್ಧವೂ ಬರಲಿಲ್ಲ. "ಎಣ್ಣೆ ಹಚ್ಚಿ ಎಳೆಸಿಕೊಳ್ಲಾ?" ಅಂತ ಕೇಳಿದರು. ಬೇಡ ಅತ್ತಿಗೆ, ಯಾರ ಕೈಗೂ ಕೊಡಬೇಡಿ ಅಂದೆ. ಬರುವ ಗುರುವಾರ ಮೂಳೆ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಕಳೆದ ಮೂರು ತಿಂಗಳ ಶುಗರ್ ರಿಪೋರ್ಟ್ ಎಲ್ಲ ಒಂದು ಫೈಲಿಗೆ ಹಾಕಿಡೋಕೆ ಹೇಳಿದ್ದೇನೆ.